ಈ ಬ್ಯಾಸಗಿ ನಂದು

ಬಾಗಲಕೋಟೆಯ ನವನಗರದಲ್ಲಿ ನಿಂತು "ನಾ ಮೆಕ್ಸಿಕೋಕ್ಕ ಹೋಗ್ತೇನಿ" ಅಂದರೆ ಜನ ಮೊದಲು ಕೇಳುವುದು, "ಮಗಳು ಅಲ್ಲೆದಾಳೇನ್ರಿ?" ಎಂದು. ಇಲ್ಲ. ನನ್ನ ಮಗಳು ಶೀಲಾ ಇಳಕಲ್ಲಿನಲ್ಲಿದ್ದಾಳೆ. ಬೆಳಿಗ್ಗೆ ಬಸ್ಸು ಹತ್ತಿದರೆ ಅವಳನ್ನು ನೋಡಿಕೊಂಡು ಸಂಜೆಗೆ ಮನೆಗೆ ಬರಬಹುದು. ಮೆಕ್ಸಿಕೋದಲ್ಲಿ ನನ್ನವರು ಅಂತ ಒಂದು ನರಪಿಳ್ಳೆಯೂ ಇಲ್ಲ. ಅದಕ್ಕೇ ಹೋಗುವ ಮನಸ್ಸಾಗಿದೆ ಎಂದರೆ ಯಾರ ತಲೆಗೂ ಹೋಗುವುದಿಲ್ಲ.

ನಾನು ಸರಕಾರಿ ದವಾಖಾನೆಯಲ್ಲಿ ನರ್ಸಾಗಿದ್ದವಳು. ನನ್ನ ಹಿಂದೆಯೇ ನಿವೃತ್ತಳಾದ ಗೆಳತಿ ರೋಷನಬಿ ದಿನವೂ ಮೊಬೈಲಿಗೆ ಏನಾದರೊಂದು ಕಳಿಸುತ್ತಾಳೆ, ಮುಕ್ಕಾಲು ಪಾಲು ನಾನು ತೆರೆಯುವುದಿಲ್ಲ. ಒಂದು ದಿನ ಹೇಗೋ ತೆರೆದೆ. ಮೆಕ್ಸಿಕೋ ಸಿಟಿಯ ಹಳೇ ಪೇಟೆಯ ವಿಡಿಯೋ. ಒಂದು ಕಾಲಕ್ಕೆ ಅದು ಸರೋವರದ ನಡುವೆ ಕಟ್ಟಿದ ಊರಂತೆ. ಆಮೇಲೆ ದಂಡೆತ್ತಿ ಬಂದವರು ಅದನ್ನು ಕೆಡವಿ, ನೀರು ಬಸಿದು, ಅದೇ ಮೆತ್ತನೆ ನೆಲದ ಮೇಲೆ ಕಲ್ಲಿನ ದೊಡ್ಡ ದೊಡ್ಡ ಚರ್ಚು ಎಬ್ಬಿಸಿದರಂತೆ. ಅವು ಇವತ್ತಿಗೂ ಕುಸಿಯುತ್ತಿವೆ, ಗೋಡೆ ವಾಲಿವೆ, ಜನ ಮಾತ್ರ ಅವುಗಳ ಬುಡದಲ್ಲಿಯೇ ಕೂತು ಹೂವು ಹಣ್ಣು ಮಾರುತ್ತಿದ್ದಾರೆ.

ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಹಳೇ ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದು ನೋಟೀಸು ಅಂಟಿಸಿದ ಕೂಡಲೇ ನಾವು ಕದ, ಕಿಟಕಿ, ತೊಲೆಗಳನ್ನೆಲ್ಲ ಕಿತ್ತುಕೊಂಡು ನವನಗರದ ಸೆಕ್ಟರಿಗೆ ಬಂದೆವು. ಕುಸಿದರೂ ಹಠ ಹಿಡಿದು ನಿಂತ ಆ ಊರನ್ನು ನಾನು ಸಾಯುವುದರೊಳಗೆ ಕಣ್ಣಾರೆ ನೋಡಬೇಕು ಅನ್ನಿಸಿತು.

"ಮೇ ತಿಂಗಳಾಗ ಹೋಗೂಣು," ಅಂದಳು ರೋಷನಬಿ. "ಜೂನಿನಾಗ ಅಲ್ಲೆ ಮಳಿ ಹಿಡೀತೈತಂತ. ಇಲ್ಲೆ ಮಳಿಗಾಲಕ್ಕ ನನ್ನ ಮೊಣಕಾಲ ಆಪರೇಶನ್ ಐತಿ. ಆಮ್ಯಾಲ ನನ್ನ ನೆಚ್ಚಬ್ಯಾಡ."

ಇಬ್ಬರೂ ಕೂತು ಎಲ್ಲ ನೋಡಿದೆವು. ಹಳೇ ಪೇಟೆಯಲ್ಲಿಯೇ ಒಂದು ಖೋಲಿ. ಬೆಳಗಿನ ಹೊತ್ತು ವಾಲಿದ ಚರ್ಚು, ನೆಲದಡಿಯಿಂದ ಅಗೆದು ತೆಗೆದ ಹಳೇ ಗುಡಿ. ಒಂದು ದಿನ ಅಲ್ಲಿಯ ಹಳೇ ಕಾಲುವೆಗಳಲ್ಲಿ ಬಣ್ಣದ ದೋಣಿಯ ಸವಾರಿ. ಊಟದ ಚಿಂತೆಯೂ ಇರಲಿಲ್ಲ. ಅಲ್ಲಿಯವರೂ ಗೋವಿನಜೋಳದ ರೊಟ್ಟಿ, ಕಾಳಿನ ಪಲ್ಯೆ, ಮೆಣಸಿನಕಾಯಿ ತಿನ್ನುವವರೇ. ವೀಸಾದ ಕೆಲಸವೂ ಮುಗಿಯಿತು. ಟಿಕೀಟು ತೆಗೆಸುವುದಷ್ಟೇ ಬಾಕಿ.

ತೊಡಕು ಇದ್ದದ್ದು ಮೇ ತಿಂಗಳಿನಲ್ಲಿ. ಹಿನ್ನೀರು ಇಳಿಯುವುದು ಆಗ.

ನನ್ನ ಗಂಡ ಪ್ರಭುಲಿಂಗ ತೀರಿಕೊಂಡಾಗ ಶೀಲಾ ಇನ್ನೂ ಶಾಲೆಯ ಮುಖ ನೋಡಿರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಘಟಪ್ರಭೆಯ ದಂಡೆಯ ನಮ್ಮ ಹೊಲದಲ್ಲಿಯೇ ಸಮಾಧಿ ಮಾಡಿದರು. ಮುಂದೆ ಹೊಲ ಮುಳುಗಿತು, ಸಮಾಧಿಯೂ ಮುಳುಗಿತು. ವರ್ಷವಿಡೀ ನೀರೊಳಗಿದ್ದು ಬೇಸಿಗೆಯಲ್ಲಿ ಅದರ ಕಲ್ಲು ತಲೆ ಎತ್ತುತ್ತದೆ. ಆಗ ಮನೆ ಮಂದಿಯೆಲ್ಲ ಅಲ್ಲಿಗೆ ಹೋಗುತ್ತೇವೆ. ಎಲ್ಲರೂ ದಂಡೆಯ ಜಾಲಿ ನೆರಳಿನಲ್ಲಿ ನಿಲ್ಲುತ್ತಾರೆ. ಕೆಸರಿಗೆ ಇಳಿದು, ಕಲ್ಲಿನ ಮೇಲಿನ ರಾಡಿ ಕೆರೆದು, ಕೊಡ ಹೊತ್ತು ತೊಳೆಯುವವಳು ನಾನು. ಹೆಂಡತಿಯ ಕೈಯಿಂದಲೇ ಮೊದಲ ನೀರು ಬೀಳಬೇಕು ಎಂದು ಯಾವ ಶರಣರು ಹೇಳಿದ್ದಾರೋ ನನಗೆ ಗೊತ್ತಿಲ್ಲ. ನನ್ನ ಮೈದುನ ಸಂಗಯ್ಯ ಹೇಳಿದ, ಪದ್ಧತಿಯಾಗಿಬಿಟ್ಟಿತು. ಗಂಡನ ಜೊತೆ ಬಾಳಿದ್ದಕ್ಕಿಂತ ಹೆಚ್ಚು ವರ್ಷ ನಾನು ಆ ಕೆಸರಿನಲ್ಲಿ ಇಳಿದಿದ್ದೇನೆ.

ಸುದ್ದಿ ತಿಳಿದು ಸಂಗಯ್ಯ ಮನೆಗೆ ಬಂದ. ಚಹಾ ಮುಟ್ಟಲಿಲ್ಲ.

"ವೈನಿ, ಅಣ್ಣ ಮ್ಯಾಲ ಬರೂ ಹೊತ್ತಿನಾಗ ನೀವು ದೇಶಾ ತಿರಗಾಕ ಹೊಂಟ್ರ ಮಂದಿ ಏನಂದಾರು?"

"ನಿಮ್ಮಣ್ಣ ಲಿಂಗೈಕ್ಯ ಆದ್ರು, ಬಯಲಾಗ ಬಯಲಾದ್ರು ಅಂತ ಭಾಷಣಾ ಮಾಡಾವ್ರು ನೀವ. ಮತ್ತ ಕೆಸರಾಗ ಯಾರನ್ನ ಹುಡುಕ್ತೀರಿ?"

ಅವನಿಗೆ ಸಿಟ್ಟು ಬಂತು, ನುಂಗಿಕೊಂಡ. ಊರಿನ ಪಂಚಾಯ್ತಿಗಳನ್ನೆಲ್ಲ ಬಗೆಹರಿಸುವ ಮನುಷ್ಯ, ದಾರಿ ಹುಡುಕದೆ ಬಿಟ್ಟಾನೆಯೇ! ದನಿ ಮೆತ್ತಗೆ ಮಾಡಿದ.

"ಹಿಂಗ ಮಾಡೂಣ್ರಿ. ಅಣ್ಣಗ ಆ ಊರು ನೋಡೂದು ಭಾಳ ಆಸೆ ಇತ್ತು, ಸಾಯೂ ಮುಂದ ನಿಮ್ಮ ಕೈ ಹಿಡದು ಹೇಳಿದ್ದ ಅಂತ ನಾ ಹೇಳ್ತೇನಿ. ಯಾರೂ ಉಸಿರ ಎತ್ತೂದಿಲ್ಲ. ಅಣ್ಣನ ಫೋಟೋ ಒಂದ ಒಯ್ರಿ, ಅಲ್ಲೇ ನಾಕು ಹೂ ಏರಸ್ರಿ. ಅವ್ವನೂ ಹೂಂ ಅಂತಾಳ."

ಶೀಲಾಳೂ ಫೋನಿನಲ್ಲಿ ಅದನ್ನೇ ಅಂದಳು. "ಬಾಯಿಮಾತಲ್ಲೇನವ್ವಾ? ಸುಮ್ನ ಇದ್ದುಬಿಡು, ಹೋಗಿ ಬಾ."

ಖರೆ ಹೇಳಬೇಕೆಂದರೆ ನನಗೂ ಅದು ಸಲೀಸು ಅನ್ನಿಸಿತ್ತು. ಒಂದು ಸುಳ್ಳಿಗೆ ಸುಮ್ಮನಿದ್ದರೆ ವಿಭೂತಿ ಹಚ್ಚಿ, ಬುತ್ತಿ ಕಟ್ಟಿ ಕಳಿಸುತ್ತಾರೆ. ಬೇಡ ಎಂದರೆ ಗಯ್ಯಾಳಿ ಅನ್ನಿಸಿಕೊಂಡು ಹೋಗಬೇಕು. ಸಂಗಯ್ಯನಿಗೆ ನಾನು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಬಸವ ಜಯಂತಿಯ ದಿನ ಅವನ ಮನೆಯಲ್ಲಿ ಎಲ್ಲರಿಗೂ ಪ್ರಸಾದ. ನನ್ನ ಅತ್ತೆ ಗುರುಲಿಂಗವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಊಟವಾಗಿ ಎಲೆಯಡಿಕೆಯ ತಟ್ಟೆ ಬಂದಾಗ ಸಂಗಯ್ಯ ಎದ್ದು ನಿಂತು, ಅಣ್ಣನ ಕಡೇ ಆಸೆ ತೀರಿಸಲು ವೈನಿ ಸಮುದ್ರ ದಾಟಿ ಹೊರಟಿದ್ದಾರೆ ಎಂದು ಶುರುಮಾಡಿದ. ಎಷ್ಟು ಚೆಂದ ಹೇಳಿದನೆಂದರೆ ನಮ್ಮ ಸಿದ್ದವ್ವ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಂಥಾ ಹೆಂಡ್ತಿ ಸಿಗಾಕ ಪುಣ್ಯಾ ಮಾಡಿರಬೇಕು," ಎಂದು ಯಾರೋ ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಬದುಕಿನಲ್ಲಿ ಮೊದಲ ಸಲ ನನಗೇ ಅಂತ ಒಂದು ಆಸೆ ಹುಟ್ಟಿತ್ತು, ಅದನ್ನೂ ಸತ್ತವರ ಹೆಸರಿಗೆ ಬರೆದುಕೊಟ್ಟಿದ್ದರು.

"ಸುಳ್ಳು," ಅಂದೆ.

ಎಲ್ಲರೂ ತಿರುಗಿ ನೋಡಿದರು.

"ಅವರಿಗೆ ಮೆಕ್ಸಿಕೋ ಅನ್ನೂ ಊರ ಐತಂತನೂ ಗೊತ್ತಿರಲಿಲ್ಲ. ಹುಬ್ಬಳ್ಳಿಗೆ ಹೋದ್ರ ತಲಿಶೂಲಿ ಬರ್ತಿತ್ತು. ಚಲೋ ಮನಶ್ಯಾ ಇದ್ರು, ನನ್ನ ಚಲೋ ಇಟಗೊಂಡಿದ್ರು. ಅದಕ್ಕ ಅವರ ಹೆಸರ ಮ್ಯಾಲ ಸುಳ್ಳ ಹೇಳಾಕ ನನಗ ಆಗೂದಿಲ್ಲ. ಹೋಗಬೇಕಂತ ಆಸೆ ಆಗಿದ್ದು ನನಗ. ಯಾರೂ ಹೇಳಿಲ್ಲ. ನನ್ನ ಪೆನ್ಶನ್, ನನ್ನ ಕಾಲು, ಈ ಬ್ಯಾಸಗಿ ನಂದು."

ಸಂಗಯ್ಯ ಕೆಂಪಗಾದ. ಸಿದ್ದವ್ವ ಚಿಕ್ಕಮ್ಮ ಕಣ್ಣೊರೆಸಿಕೊಂಡದ್ದಕ್ಕೆ ನಾಚಿಕೊಂಡವಳಂತೆ ಸೆರಗು ಕೆಳಗೆ ಬಿಟ್ಟಳು. ಆಗ ಅತ್ತೆ ಬಾಯಿ ಬಿಟ್ಟರು.

"ನನ್ನ ಮಗ ನೀರಿನಿಂದ ಮ್ಯಾಲ ಬಂದಾಗ ನೀ ಇರೂದಿಲ್ಲಾ?"

ಅವರ ಮುಖ ನೋಡಿ ಈ ಮಾತು ಹೇಳುವುದು ಕಷ್ಟವಾಯಿತು. ಮಗನನ್ನು ಕಳಕೊಂಡ ತಾಯಿ. ಆದರೂ ಹೇಳಿದೆ.

"ಇರೂದಿಲ್ರಿ ಅತ್ತಿ."

"ಕಲ್ಲು ತೊಳಿಯಾವ್ರು ಯಾರು?"

"ನೀವು ಹಡದ ಇನ್ನೊಬ್ಬ ಮಗ ಇಲ್ಲೇ ನಿಂತಾನಲ್ರಿ. ಇಷ್ಟು ವರ್ಷದಾಗ ಒಂದ ದಿನಾನೂ ಇಳದಿಲ್ಲ. ಅಣ್ಣ ಬೇಕಂದ್ರ ಇಳೀಲಿ."

ಸಂಗಯ್ಯ ತನ್ನ ಬಿಳಿ ಧೋತರದ ಅಂಚು ನೋಡಿಕೊಂಡ. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಂಗಯ್ಯಾ, ಧೋತರ ಮ್ಯಾಲೆತ್ತಿ ಕಟಗೊಂಡು ಇಳೀಬೇಕಪಾ. ರಾಡಿ ಮೊಣಕಾಲ ತನಾ ಇರ್ತೈತಿ."

ನನ್ನ ಕಡೆ ಅವರು ತಿರುಗಲಿಲ್ಲ. ನಾನು ಅಲ್ಲೇ, ಅಷ್ಟೂ ಮಂದಿಯ ನಡುವೆ, ರೋಷನಬಿಗೆ ಫೋನು ಹಚ್ಚಿ ಟಿಕೀಟು ತೆಗೆಸು ಅಂದೆ.