ಎಂಪಿ ಮನೆಗೆ ಅವರೆಕಾಯಿ

ಹಾಸನದಲ್ಲಿ ನಮ್ಮ ದಿನಸಿ ಅಂಗಡಿ ಎಂಪಿಯವರ ಮನೆಯ ಎದುರಿಗೇ ಇತ್ತು. ಎಂಪಿ ಇರುತ್ತಿದ್ದದ್ದು ದೆಹಲಿಯಲ್ಲಿ, ಗೇಟಿನಲ್ಲಿ ಕಾವಲಿಗೆ ರಂಗಸ್ವಾಮಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಮಾತು ಆ ಆಸಾಮಿಯನ್ನು ನೋಡಿಯೇ ಹುಟ್ಟಿರಬೇಕು.

ಗೊರೂರು ಕಡೆಯ ಮಾದಮ್ಮ ಅಲ್ಲಿಗೆ ಮೊದಲು ಬಂದದ್ದು ಅರವತ್ತೊಂದರ ಅವರೆ ಕಾಲದಲ್ಲಿ. ಗಂಡ ಬೈರಯ್ಯನಿಗೆ ರೈಲ್ವೆಯಲ್ಲಿ ಹಳಿ ಕೆಲಸ. ಮದುವೆಯಾದ ವರ್ಷವೇ ದೂರದ ಗುಂತಕಲ್ಲಿಗೆ ಹಾಕಿದ್ದರು. ಎಂಪಿ ಒಂದು ಮಾತು ಹೇಳಿದರೆ ಹಾಸನಕ್ಕೆ ವರ್ಗವಾಗುತ್ತದೆಂದು ಯಾರೋ ಅಂದಿದ್ದರು. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದಲ್ಲ, ಹೊಲದ ಮೊದಲ ಅವರೆಕಾಯಿ ತಂದಳು. ರಂಗಸ್ವಾಮಿ ಅದನ್ನು ತನ್ನ ಮನೆಗೆ ಸಾಗಿಸಿದ. ಆಮೇಲೆ ಬಂದವರನ್ನೆಲ್ಲ "ಏನ್ ತಂದೆ?" ಎಂದು ಕೇಳತೊಡಗಿದ. ಮರ್ಯಾದೆಗೆ ಕೊಟ್ಟದ್ದು ಮಾಮೂಲಾಯಿತು.

ಆ ವರ್ಷ ಜನಗಣತಿ ಮುಗಿದಿತ್ತು. ಜನ ಹೆಚ್ಚಿದ್ದಕ್ಕೆ ಎಂಪಿಗಳನ್ನೂ ಹೆಚ್ಚಿಸಿದರೆ ಲಂಚ ಕಮ್ಮಿಯಾಗುತ್ತಾ ಎಂದು ನಮ್ಮ ಜಗಲಿಯಲ್ಲಿ ವಾದವೋ ವಾದ.

"ಇನ್ನೂ ಹತ್ತು ಗೇಟು, ಇನ್ನೂ ಹತ್ತು ರಂಗಸ್ವಾಮಿ, ಅಷ್ಟೇ," ಎಂದರು ನಮ್ಮ ಯಜಮಾನರು ಚಂದ್ರಯ್ಯ.

"ಊರೂರ್ಗೂ ಒಬ್ರಿದ್ರೆ ಗೇಟ್ ಯಾಕ್ ಬೇಕು ಸಾ? ಕೆರೆತಾವ ಸಿಕ್ದಾಗ ಕೇಳ್ತಿದ್ದೆ," ಅಂದಳು ಮಾದಮ್ಮ.

ಜಗಲಿಯೆಲ್ಲ ನಕ್ಕಿತು. ನನಗೆ ಮೈ ಉರಿಯಿತು. ನಕ್ಕವರ ಹೆಂಡತಿಯರೆಲ್ಲ ಮನೆಯಲ್ಲೇ ಇದ್ದರಲ್ಲ!

"ಅವರೆ ಊವಿನ ವಾಸ್ನೆ ಬಂದ್ರೆ ಮನ್ಸು ತಡೆಯಾಕಿಲ್ಲ ಕಣವ್ವ," ಎಂದು ಮಾದಮ್ಮ ನನ್ನೊಡನೆ ಹೇಳುತ್ತಿದ್ದಳು. "ಇದ್ಕಬೇಳೆ ಸಾರು ಅಂದ್ರೆ ಪ್ರಾಣ ಅವುರ್ಗೆ. ಒಂದೇ ಸಲ ಮಾಡಾಕಿದ್ದೆ."

ಮರುವರ್ಷ ಮತ್ತೆ ಅವರೆ ಹೊತ್ತು ಬಂದಳು. ಸಾಹೇಬರು ಬರುತ್ತಾರೆ, ಕಾದಿರು ಎಂದ ರಂಗಸ್ವಾಮಿ. ಕಾದಳು. ಸಂಜೆ ಕಾರು ಬಂತು, ಗೇಟು ತೆರೆಯಿತು, ಮುಚ್ಚಿತು. ಅಷ್ಟರಲ್ಲಿ ಅವಳ ಊರಿನ ಕೊನೆಯ ಬಸ್ಸೂ ಹೋಗಿತ್ತು. ನಮ್ಮಲ್ಲೇ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಹೋದಳು.

ವಾರ ಕಳೆದು ಬಂದಾಗ ಬುಟ್ಟಿ ಇರಲಿಲ್ಲ. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ.

"ಅವತ್ತು ನಮ್ಮವ್ರು ಊರ್ಗೆ ಬಂದಿದ್ರಂತೆ ಕಣವ್ವ, ಒಂದೇ ರಾತ್ರಿ ರಜದ ಮೇಲೆ. ಒಲದಾಗೆ ಉಳ್ದಿದ್ದ ಕಾಯಿ ಕಿತ್ತು, ಸುಲ್ದು, ಬೇಳೆ ಇದ್ಕಿ ಮಡಗವ್ರೆ, ನಾನು ಬಂದು ಸಾರು ಮಾಡ್ತೀನಿ ಅಂತ. ಬೆಳಿಗ್ಗೆ ಎದ್ದು ಒಂಟೋದ್ರು. ದಾರೀಲಿ ಅವುರ್ ಬಸ್ಸು, ನಮ್ ಬಸ್ಸು ಎದುರುಬದುರಾಗವೆ."

ಚಂದ್ರಯ್ಯನವರು ತಕ್ಕಡಿ ಕೆಳಗಿಟ್ಟರು. ಅವಳು ಅವರ ಕಡೆ ತಿರುಗಿದಳು.

"ನಮ್ಮೂರ್ಗೇ ಒಬ್ಬ ಎಂಪಿ ಇದ್ದಿದ್ರೆ ಸಾ, ಅವತ್ತು ನಾನು ಮನೇಲಿರ್ತಿದ್ದೆ."