ನಾಲ್ಕನೆಯ ನಿದ್ದೆ

ಬರಲಿಲ್ಲ. ಮೂರನೆಯ ಸಲವೂ ಬರಲಿಲ್ಲ.

ವಾರಿಜಾ ಕಣ್ಣು ಮುಚ್ಚಿಕೊಂಡೇ ಇದ್ದಳು. ತಲೆಗೆ, ಹುಬ್ಬಿನ ಪಕ್ಕಕ್ಕೆ, ಗಲ್ಲಕ್ಕೆ ಅಂಟಿಸಿದ ವಯರುಗಳು ತುರಿಸುತ್ತಿದ್ದವು. ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ಒಂಬತ್ತನೆಯ ತರಗತಿಗೆ ಬೀಜಗಣಿತ ಹೇಳುತ್ತಾ ನಿಂತಲ್ಲೇ ಬಂದು ಮೇಲೆ ಬೀಳುವ ನಿದ್ದೆ, ಹಾಸಿಗೆ ಹಾಸಿ, ಪರದೆ ಎಳೆದು ಕರೆದರೆ ಬರಲೊಲ್ಲದು. ಎಂತಹ ಸೊಕ್ಕು ಇದಕ್ಕೆ.

"ಇಪ್ಪತ್ತು ನಿಮಿಷ ಆಯಿತು ಟೀಚರ್," ಎಂದು ಪ್ರೆಸಿಲ್ಲಾ ದೀಪ ಹಾಕಿದಳು. ನಿದ್ದೆ ಅಳೆಯುವ ಯಂತ್ರ ನೋಡಿಕೊಳ್ಳುವವಳು ಅವಳೇ. "ಇನ್ನು ಒಂದೇ ಉಂಟು."

ಕಾಪುವಿನ ಶಾಲೆಯ ಹೆಡ್‌ಮಾಸ್ಟರು ಮೆಮೊ ಕೊಟ್ಟಿದ್ದರು. ಪಾಠದ ನಡುವೆ ನಿದ್ರಿಸುವುದು ಕಾಯಿಲೆಯೆಂದಾದರೆ ಈ ಶನಿವಾರದೊಳಗೆ ಸರ್ಟಿಫಿಕೇಟು; ಇಲ್ಲವಾದರೆ ರಾಜೀನಾಮೆ. ಮಣಿಪಾಲದ ಈ ಕ್ಲಿನಿಕ್ಕಿನಲ್ಲಿ ಹಗಲು ನಾಲ್ಕು ಸಲ ಮಲಗಿಸುತ್ತಾರೆ. ಎರಡು ಸಲವಾದರೂ ಥಟ್ಟನೆ ನಿದ್ದೆ ಬಂದು ಕನಸು ಬಿದ್ದರೆ ಕಾಯಿಲೆ. ಬೆಳಿಗ್ಗೆ ಮೊದಲ ಸಲ ಮಾತ್ರ ಬಂದಿತ್ತು; ಇನ್ನೊಂದು ಬೇಕಿತ್ತು.

ಹೊರಗೆ ಬೆಂಚಿನ ಮೇಲೆ ಗಂಡ ಕರುಣಾಕರ ಬುತ್ತಿ ಹಿಡಿದು ಕೂತಿದ್ದ.

"ಬಂತಾ?"

"ಇಲ್ಲ."

"ಮನೆಯಲ್ಲಾದರೆ ಕರೆಯುವುದೇ ಬೇಡ. ಅಮ್ಮ ಬಿಸಿಲಲ್ಲಿ ಮೀನು ಮಾರಿ ಬರುವಾಗ ನಿನ್ನದು ಗೊರಕೆ."

"ನಾನು ಗೊರಕೆ ಹೊಡೆಯುವುದಿಲ್ಲ."

"ಹೌದು ಮಾರಾಯ್ತಿ, ಅದೊಂದು ಬಾಕಿ."

ಅವಳು ಬುತ್ತಿ ಬಿಚ್ಚಿ ತಿಂದಳು. ಉತ್ತರಿಸಿದರೆ ಅವನು ಮಲ್ಪೆಯ ಬಂದರಿನಿಂದ ಶುರು ಮಾಡುತ್ತಿದ್ದ. ಅಮ್ಮ ಬೆಳಗಿನ ಮೂರು ಗಂಟೆಗೆ ಏಳುವುದು, ಮೀನಿನ ಏಲಂ, ಮಂಜುಗಡ್ಡೆ.

ಕ್ಲಿನಿಕ್ಕಿನ ಡಾಕ್ಟರ್ ರೊಸಾರಿಯೊ ಅವರಿಗೆ ಬೇಕಾಗಿದ್ದದ್ದು ಬೇರೆ. ಇದು ಕನಸೆಂದು ಕನಸಿನಲ್ಲೇ ಅವಳಿಗೆ ಗೊತ್ತಾಗುತ್ತದೆಂದು ಕೇಳಿ ಅವರು ಕುರ್ಚಿ ಮುಂದೆಳೆದುಕೊಂಡಿದ್ದರು. ಇಂತಹ ಕಾಯಿಲೆಯವರಲ್ಲಿ ಅದು ಜಾಸ್ತಿಯಂತೆ. ಗೊತ್ತಾದ ಮೇಲೆ ಏನು ಮಾಡುತ್ತೀರಿ, ಹಾರುತ್ತೀರಾ, ಎಂದು ಕೇಳಿದ್ದರು.

"ಎಚ್ಚರವಾಗಿರುತ್ತೇನೆ," ಎಂದಿದ್ದಳು. ಅವರು ಅದನ್ನು ಬರೆದುಕೊಳ್ಳಲಿಲ್ಲ.

ನಾಲ್ಕನೆಯ ಸಲ ದೀಪ ಆರಿದ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅತ್ತೆ ಒಳಗೆ ಬಂದು ತಲೆಯ ಮೇಲಿನ ಮೀನಿನ ಬುಟ್ಟಿಯನ್ನು ಅವಳ ಹೊಟ್ಟೆಯ ಮೇಲಿಟ್ಟರು. ಹಿಂದೆಯೇ ಹೆಡ್‌ಮಾಸ್ಟರು. ಬುಟ್ಟಿಗೆ ಭಾರವೇ ಇರಲಿಲ್ಲ. ಕನಸು, ಎಂದುಕೊಂಡಳು ವಾರಿಜಾ. ಬಂತು.

ತಲೆ ತೊಳೆದಿಟ್ಟ ಸ್ಲೇಟಿನಂತೆ ಸ್ವಚ್ಛವಾಗಿತ್ತು. ಬೇಕೆಂದರೆ ಇವರಿಬ್ಬರನ್ನು ಅಳಿಸಿಬಿಡಬಹುದು, ಹಿಂದೆ ಅಳಿಸಿದ್ದಳು. ಇವತ್ತು ಅದಕ್ಕೂ ಮನಸ್ಸಿಲ್ಲ. ಪ್ರೆಸಿಲ್ಲಾಳಿಗೆ ತಿಳಿಸಬೇಕು. ಕೈ ಎತ್ತಲು ನೋಡಿದಳು, ಏಳಲಿಲ್ಲ. ನಾಲಗೆ ಹೊರಳಲಿಲ್ಲ. ಅವಳ ಮಾತು ಕೇಳುವುದೆಂದರೆ ಕಣ್ಣುಗಳು ಮಾತ್ರ. ಎಡಕ್ಕೆ, ಬಲಕ್ಕೆ. ಮತ್ತೆ ಎಡಕ್ಕೆ, ಬಲಕ್ಕೆ. ನೋಡು, ಮಲಗಿದ್ದೇನೆ. ಬರೆದುಕೋ.

ದೀಪ ಹತ್ತಿತು.

"ಇದೂ ಆಗಲಿಲ್ಲ ಅಲ್ವಾ ಟೀಚರ್?" ಪ್ರೆಸಿಲ್ಲಾ ಹಣೆಯ ವಯರು ಕಿತ್ತಳು. ಒಂದೆರಡು ಕೂದಲೂ ಬಂದವು. "ಕಣ್ಣು ಆಚೆ ಈಚೆ ಹೊರಳಿಸುತ್ತಲೇ ಇದ್ದಿರಿ. ಎಚ್ಚರ ಅಂತ ಹಾಕಿದ್ದೇನೆ."

"ಕನಸಿನಲ್ಲಿದ್ದೆ. ಒಳಗಿನಿಂದ ನಿನಗೆ ಹೇಳುತ್ತಿದ್ದೆ."

"ಕನಸು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದರೆ ಎಚ್ಚರವೇ ಅಲ್ವಾ?" ಅವಳ ದನಿಯಲ್ಲಿ ಕುಹಕವಿರಲಿಲ್ಲ. ತರಗತಿಯಲ್ಲಿ ಲೆಕ್ಕ ತಪ್ಪಿದವರಿಗೆ ವಾರಿಜಾ ಹೇಳುವುದೂ ಹೀಗೆಯೇ.

"ಡಾಕ್ಟರರ ಹತ್ತಿರ ಮಾತಾಡುತ್ತೇನೆ."

"ಮಾತಾಡಿ. ಇನ್ನು ಸೋಮವಾರವೇ ಸಿಗುವುದು."

ಇನ್ನೇನು ಹೇಳಿದರೂ ಅದೂ ಎಚ್ಚರದ ಲೆಕ್ಕಕ್ಕೇ. ಫೈಲು ತೆಗೆದುಕೊಂಡು ಹೊರಗೆ ಬಂದಳು.

ಕರುಣಾಕರ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ. ಯಾರೋ ಅವನ ತಲೆಯ ಕೆಳಗೆ ದಿಂಬು ಇಟ್ಟಿದ್ದರು. ಪಕ್ಕದಲ್ಲಿ ಕೂತ ಮುದುಕಿ ಸದ್ದಾಗದಂತೆ ತನ್ನ ಜೊತೆಗಿದ್ದ ಮಗುವಿನ ಕೈಯಿಂದ ಗಿಲಕಿ ಕಿತ್ತಿಟ್ಟುಕೊಂಡಿದ್ದಳು.

"ಏಳಿ, ಹೋಗುವ," ಎಂದಳು ವಾರಿಜಾ.

ಹಿಂದಿನಿಂದ ಬಂದ ಪ್ರೆಸಿಲ್ಲಾ ತುಟಿಯ ಮೇಲೆ ಬೆರಳಿಟ್ಟಳು. "ಪಾಪ, ದಣಿದಿದ್ದಾರೆ," ಎಂದು ಪಿಸುಗುಟ್ಟಿ ಫ್ಯಾನು ಜೋರು ಮಾಡಿ ಹೋದಳು.

ಬೆಂಚಿನಿಂದ ಇಳಿಬಿಟ್ಟ ಅವನ ಎರಡೂ ಪಾದಗಳು ಒಳಗೆ ಹೋಗುವಾಗ ಅವಳು ಬಿಟ್ಟಿದ್ದ ಚಪ್ಪಲಿಗಳ ಮೇಲೆ ಊರಿದ್ದವು. ವಾರಿಜಾ ಬಗ್ಗಿ ಒಂದನ್ನು ಮೆಲ್ಲಗೆ ಎಳೆದಳು. ಅವನು ನಿದ್ದೆಯಲ್ಲೇ ಇನ್ನಷ್ಟು ಒತ್ತಿ ಹಿಡಿದ.

ಅವಳು ಬರಿಗಾಲಲ್ಲಿ ನಿಂತಳು. ಮುದುಕಿ, ಮಗು, ಕಾದು ಕೂತವರೆಲ್ಲ ಅವಳನ್ನೇ ನೋಡುತ್ತಿದ್ದರು, ಸದ್ದು ಮಾಡಿಯಾಳೇನೋ ಎಂದು.