ಮನೆಮಂದಿ ಎಲ್ಲ ಲಿಸ್ಬನ್ನಿಗೆ

ಒಣಮೀನಿನ ವಾಸನೆ, ಅದರ ಹಿಂದೆಯೇ ಕರಿಮೆಣಸು, ಆಮೇಲೆ ಯಾವುದೋ ಬಸ್ಸಿನ ಡೀಸೆಲ್ ಹೊಗೆ, ಎಲ್ಲ ಒಟ್ಟಿಗೇ ಜೀಪಿನ ಕಿಟಕಿಯಿಂದ ನುಗ್ಗಿ ಬಂದವು — ಇಷ್ಟನ್ನೂ ಬಿಡಿಸಿ ಹೆಸರಿಡುವ ಮಿದುಳಿಗೆ ಒಂದು ನಮಸ್ಕಾರ ಹಾಕಬೇಕು ಅಂದುಕೊಂಡಳು ಮೋಕ್ಷಿತಾ, ಗೋಣಿಕೊಪ್ಪಲಿನ ಪೇಟೆಬೀದಿಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪರದೆಯ ಮೇಲೆ ಆ ದರಿದ್ರ ಚಕ್ರ ಇನ್ನೂ ಸುತ್ತುತ್ತಲೇ ಇದೆ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ ಅಂತ ಇಲ್ಲಿಗೆ ಬಂದರೆ ಇಲ್ಲೂ ಅದೇ ಹಾಡು, ಸಂಜೆಯೊಳಗೆ ಹೋಗದಿದ್ದರೆ ಈ ವರ್ಷದ ಕಥೆ ಮುಗಿಯಿತು — ಲಿಸ್ಬನ್ನಿನ ನರವಿಜ್ಞಾನ ಸಮ್ಮೇಳನಕ್ಕೆ ಅವಳದೇ ಒಂದು ವಿಚಾರಗೋಷ್ಠಿಯ ಪ್ರಸ್ತಾವ, ವಾಸನೆ ಮತ್ತು ನೆನಪು, ಅವಳ ಹೆಸರಿನಲ್ಲಿ ಮೊದಲ ಸಲ, ಇಷ್ಟು ವರ್ಷ ಬೇರೆಯವರ ಗೋಷ್ಠಿಗಳ ಪಕ್ಕದಲ್ಲಿ ಪೋಸ್ಟರ್ ಅಂಟಿಸಿದ್ದೇ ಬಂತು. ನಾಲ್ವರು ಭಾಷಣಕಾರರು ಬೇಕೇ ಬೇಕು, ಕ್ಯೋಟೋದವರು, ಬರ್ಲಿನ್ನಿನವರು, ಪುಣೆಯವರು ಕೇಳಿದ ಕೂಡಲೇ ಹ್ಞೂಂ ಅಂದರು, ಅವಳಿಗೆ ಈ ವಿದ್ಯೆ ಕಲಿಸಿದ ಮೇಷ್ಟ್ರು ನಾಗೇಶ್ವರ ಸರ್ ಮಾತ್ರ, ಕೂಗಿದರೆ ಕೇಳುವಷ್ಟು ಹತ್ತಿರ, ಇಲ್ಲೇ ಪೊನ್ನಂಪೇಟೆಯಲ್ಲಿರುವವರು, ಎಷ್ಟು ಮೇಲ್ ಹಾಕಿದರೂ ತುಟಿಪಿಟಕ್ಕೆನ್ನಲಿಲ್ಲ.

ಕರೆದ ರೀತಿಯೇ ಸರಿಯಿಲ್ಲ ಎಂದು ಇವತ್ತು ಬೆಳಿಗ್ಗೆ ರೊಟ್ಟಿ ಬಡಿಸುತ್ತ ತೀರ್ಪು ಕೊಟ್ಟದ್ದು ಅವ್ವ, ಬೊಳ್ಳಮ್ಮ — ಎಂಥ ಮಗಳೇ, ದೊಡ್ಡವರ್ನ ಮೊಬೈಲ್‌ಲಿ ಕರೆಯದಾ, ಮನೆಗೆ ಹೋಗಿ ಹೇಳಿಕೆ ಕೊಡೊಕು, ನಡಿ, ನಾನೂ ಬನ್ನೆ — ಅಂದದ್ದೇ ತಡ ಒಳ್ಳೆಯ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿ ಜೀಪು ಹತ್ತಿಯೂ ಆಯಿತು, ಅವ್ವನ ಪಾಲಿಗೆ ಕರೆಯುವುದೆಂದರೆ ಮದುವೆಗೆ ಕರೆಯುವುದು, ಬೇರೆ ಕರೆ ಗೊತ್ತೇ ಇಲ್ಲ. ಸರ್ ಮನೆಯ ಜಗಲಿಯಲ್ಲಿ ನಿಂತು, ತಟ್ಟೆ ಮುಂದೆ ಚಾಚಿ, ಒಂದೇ ಉಸಿರಿಗೆ — ನಮ್ಮ ಮಗಳ ಕಾರ್ಯ ಲಿಸ್ಬನ್ನಿನಲ್ಲಿ ಇಟ್ಕೊಂಡಿದ್ದೇವೆ, ಮನೆಮಂದಿ ಎಲ್ಲ ಒಂದು ದಿನ ಮುಂಚೆನೇ ಬಂದು ನಿಂತು ನಡೆಸಿಕೊಡ್ಬೇಕು — ಅಯ್ಯೋ ದೇವರೇ, ಮನೆಮಂದಿ ಎಲ್ಲ, ಆಗ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು, ಈಗ ನೆನೆದರೆ ನಗು ತಡೆಯಲಾಗುತ್ತಿಲ್ಲ, ಹಣ್ಣಿನಂಗಡಿಯವನು ತಿರುಗಿ ನೋಡುತ್ತಿದ್ದಾನೆ, ನೋಡಲಿ. ಸರ್ ನಗಲಿಲ್ಲ, ತಟ್ಟೆ ಮುಟ್ಟಲೂ ಇಲ್ಲ. ನಿನ್ನ ಮೇಲ್ ಎಲ್ಲ ಓದಿದ್ದೇನಮ್ಮ, ಜೀವಮಾನವಿಡೀ ಮೂಗಿನ ಮೇಲೆ ಪಾಠ ಮಾಡಿದೆ, ಜ್ವರ ಬಂದು ನನ್ನ ಹೆಂಡತಿಗೆ, ಇವಳಿಗೆ, ವಾಸನೆಯೇ ಹೋದಾಗ ನಾನು ಕಡಿದು ಕಟ್ಟೆ ಹಾಕಿದ್ದೇನು, ಇನ್ನು ಯಾವ ಮುಖ ಹೊತ್ತು ಅಲ್ಲಿ ನಿಲ್ಲಲಿ — ಗೋಷ್ಠಿ ಹಾಳಾಗಿ ಹೋಗಲಿ, ಸರ್ ಹೀಗೆ ತಲೆ ತಗ್ಗಿಸಿ ಕೂತದ್ದನ್ನು ನೋಡಲಾರೆ ಅನ್ನಿಸಿತು ಮೋಕ್ಷಿತಾಗೆ. ಆಗಲೇ ಒಳಗಿನಿಂದ ಸರ್ ಹೆಂಡತಿ ಗೋಮತಿ ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಮನೆಮಂದಿ ಅಂದ್ರೆ ನಾನೂ ಸೇರಿದೆ ತಾನೇ ಬೊಳ್ಳಮ್ಮ, ಇವರು ಬಾರದಿದ್ರೆ ಬೇಡ, ನಾನು ಬರ್ತೇನೆ, ಕೆಟ್ಟದ್ದು ನನ್ನ ಮೂಗು, ಇವರದ್ದಲ್ಲವಲ್ಲ — ಹಳಸಿದ ಸಾರು ಗೊತ್ತಾಗದೆ ಬಡಿಸಿದ್ದು, ಮೊಮ್ಮಗುವಿನ ನೆತ್ತಿ ಮೂಸಿದರೆ ಏನೂ ಇಲ್ಲದೆ ಅತ್ತದ್ದು, ದಿನಾ ಲವಂಗ, ನಿಂಬೆ, ಶುಂಠಿ ಮೂಸಿ ಮೂಸಿ ಮೂಗಿಗೆ ಅಕ್ಷರಾಭ್ಯಾಸ ಮಾಡಿಸಿದ್ದು, ಎಲ್ಲ ಹೇಳ್ತೇನೆ, ಕನ್ನಡದಲ್ಲಿ ಹೇಳಿದ್ರೆ ಆಗ್ತದಾ — ಆಗ್ತದಮ್ಮ, ಯಾಕಾಗಬಾರದು, ಇಂಗ್ಲಿಷಿಗೆ ನಾನು ತಿರುಗಿಸ್ತೇನೆ ಅಂದಳು ಮೋಕ್ಷಿತಾ, ಅನುಭವಿಸಿದವರೂ ಮಾತಾಡಬಹುದು ಎಂದು ಸಮ್ಮೇಳನದವರೇ ಬರೆದಿದ್ದಾರೆ, ಅದನ್ನು ಓದಿಯೂ ದಾಟಿ ಹೋಗಿದ್ದಳಲ್ಲ, ಎಂಥ ಪೆದ್ದು! ಬಾ ತೋರಿಸ್ತೇನೆ ಎಂದು ಗೋಮತಿ ಅಮ್ಮ ಹಿತ್ತಿಲಿಗೆ ಎಳೆದುಕೊಂಡೇ ಹೋದರು, ಹೂ ಬಿಟ್ಟ ಕಾಫಿ ರೆಂಬೆ ಬಗ್ಗಿಸಿ ಮುಖವನ್ನು ಅದರೊಳಗೆ ಹುದುಗಿಸಿದರು, ಇವತ್ತು ಸ್ವಲ್ಪ ಇದೆ ರೀ, ಮಲ್ಲಿಗೆ ತರಹ, ನಿಜವಾಗಿ ಇದೆ — ತಲೆ ಎತ್ತಿದರೆ ಕಣ್ಣು ಮುಚ್ಚಿದೆ, ಮೂಗಿನ ತುದಿಯಲ್ಲಿ ಒಂದು ಬಿಳಿ ಎಸಳು. ಹಿಂದೆಯೇ ಬಂದಿದ್ದ ಸರ್ ಅದನ್ನೇ ನೋಡಿದರು, ಅವ್ವ ಹಿಡಿದೇ ತಂದಿದ್ದ ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಂಡು, ಇವಳು ಮಾತಾಡಲಿ, ಸ್ಲೈಡ್ ಬದಲಿಸಲಿಕ್ಕೆ ನಾನು ಬರ್ತೇನೆ ಅಂದರು.

ನಾಲ್ಕನೆಯ ಹೆಸರು ಗೋಮತಿ, ಊರು ಪೊನ್ನಂಪೇಟೆ, ಸಂಸ್ಥೆ ಎಂದು ಕೇಳಿದಲ್ಲಿ ಸ್ವಂತ ಮನೆ ಎಂದೇ ಬರೆದಿದ್ದಾಳೆ, ಬರ್ಲಿನ್ನಿನವರು ನೋಡಿ ಬೆಚ್ಚಲಿ — ಅರೆ, ಚಕ್ರ ನಿಂತಿತು, ನಿಮ್ಮ ಪ್ರಸ್ತಾವ ತಲುಪಿದೆ, ತಲುಪಿದೆ! ಅವ್ವ ಒಣಮೀನಿನ ಪೊಟ್ಟಣ ಹಿಡಿದು ಜೀಪು ಹತ್ತುತ್ತ, ಆತಾ ಮಗಳೇ — ಆತವ್ವ, ಇನ್ನು ಸಮ್ಮೇಳನದವು ಒಪ್ಪೊಕು — ಒಪ್ಪದೆ ಎಂಥ, ಎಲೆ ಅಡ್ಕೆ ತಕಂಡ್ ಆತಲ್ಲ — ಮೋಕ್ಷಿತಾ ನಗುತ್ತ ಕೀಲಿ ತಿರುಗಿಸಿದಳು, ಇನ್ನು ವೀಸಾ ಕೆಲಸ ಇದೆ, ಪುಣೆಯವರಿಗೆ ತಿಳಿಸಬೇಕು, ಗೋಮತಿ ಅಮ್ಮನಿಗೆ ಸ್ವೆಟರ್ ಬೇಕಾದೀತು, ಅಲ್ಲಿ ದೊಡ್ಡ ಸಭಾಂಗಣ, ದೀಪ ಆರಿಸಿರುತ್ತಾರೆ, ಮೈಕಿನ ಮುಂದೆ ಅವರು, ಮೂಲೆಯಲ್ಲಿ ಸರ್, ಆಮೇಲೆ, ಆಮೇಲೆ ಏನು — ಮುಚ್ಚಿದ ಕಣ್ಣು, ಮೂಗಿನ ತುದಿ, ಬಿಳಿ ಎಸಳು, ಅದು ಬೀಳುತ್ತಿಲ್ಲ.